ಹದಿನೈದು ದಿನ ಕಮ್ಮಿ ಬಿದ್ದ ಪಾಸ್‌ಪೋರ್ಟು: ಒಂದು ಕುಟುಂಬದ ವಿಶ್ವಪ್ರಯಾಣ ಅಥೆನ್ಸ್‌ನಲ್ಲಿ ನಿಂತದ್ದೇಕೆ, ಮತ್ತೆ ಹೊರಟದ್ದು ಹೇಗೆ

ಜುಲೈ 5ರ ಮಧ್ಯಾಹ್ನ, ಅಥೆನ್ಸ್ ವಿಮಾನ ನಿಲ್ದಾಣದ ಚೆಕ್‌ಇನ್ ಕೌಂಟರ್. ಬಾಲಿ ದ್ವೀಪಕ್ಕೆ ಹೊರಟ ನಾಲ್ವರ ಕುಟುಂಬ. ಮೂವರ ಪಾಸ್‌ಪೋರ್ಟು ಯಂತ್ರದಲ್ಲಿ ಸರಾಗ ಓದಿಸಿಕೊಂಡಿತು. ನಾಲ್ಕನೆಯದು ಐದು ವರ್ಷದ ಮಗನದು, ಅದಕ್ಕೆ ಮಾತ್ರ ಪರದೆಯ ಮೇಲೆ ಕೆಂಪು ಗೆರೆ. ಅವಧಿ ಮುಗಿಯುವುದು ಡಿಸೆಂಬರ್ 22ಕ್ಕೆ. ವಿಮಾನ ಬಾಲಿಯ ಡೆನ್‌ಪಸಾರ್ ಮುಟ್ಟುವುದು ಜುಲೈ 6ಕ್ಕೆ. ಬಂದಿಳಿದ ದಿನದಿಂದ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಸ್ಸು ಇರಲೇಬೇಕು ಎಂಬುದು ಇಂಡೊನೇಷ್ಯಾದ ನಿಯಮ. ಅಂದರೆ ಜನವರಿ 6ರ ತನಕ ಬೇಕಿತ್ತು. ಹದಿನೈದು ದಿನ ಕಮ್ಮಿ.

ಕುಟುಂಬ ಸಮೇತ ವರ್ಷಗಟ್ಟಲೆ ಪ್ರಯಾಣ ಹೊರಟವರಲ್ಲಿ ಮತ್ತೆ ಮತ್ತೆ ಕಾಣುವ ಎಡವಟ್ಟುಗಳನ್ನು ಒಂದೇ ಕುಟುಂಬದ ಕಥೆಯಾಗಿ ಹೆಣೆದು ಬಿಡಿಸಿ ನೋಡಿದ ಪ್ರಕರಣ ಇದು. ಕುಟುಂಬ ಕಲ್ಪಿತ. ನಿಯಮಗಳು, ಊರುಗಳು, ದಿನದ ಲೆಕ್ಕ ಎಲ್ಲವೂ ನಿಜವಾದವು. ಪಾಸ್‌ಪೋರ್ಟು ಯಾವ ದೇಶದ್ದು ಎಂಬುದನ್ನು ಬೇಕೆಂದೇ ಹೇಳಿಲ್ಲ. ಒಳಗಡಿಗಳಲ್ಲಿ ತಪಾಸಣೆ ಇಲ್ಲದ ಯೂರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯಕ್ಕೆ ವೀಸಾ ಇಲ್ಲದೆ ಹೋಗಬಹುದಾದ ದೇಶ ಎಂದಿಟ್ಟುಕೊಂಡರೆ ಸಾಕು. ವೀಸಾ ಬೇಕಾದವರಿಗೆ ಇದೇ ಗಂಟು ಇನ್ನೂ ಬಿಗಿಯಾಗಿರುತ್ತದೆ.

ಯೋಜನೆ ಹೀಗಿತ್ತು

ತಂದೆ, ತಾಯಿ, ಹನ್ನೊಂದು ವರ್ಷದ ಮಗಳು, ಐದು ವರ್ಷದ ಮಗ. ಏಪ್ರಿಲ್ 10ಕ್ಕೆ ಲಿಸ್ಬನ್‌ನಲ್ಲಿ ಶುರು, ಮುಂದಿನ ಏಪ್ರಿಲ್ 9ಕ್ಕೆ ಮುಕ್ತಾಯ. ಯೂರೋಪ್, ಆಗ್ನೇಯ ಏಷ್ಯಾ, ನ್ಯೂಜಿಲೆಂಡ್, ದಕ್ಷಿಣ ಅಮೆರಿಕ, ಒಟ್ಟು 41 ತಂಗುದಾಣ. ಟಿಕೆಟ್ ವಿಮಾನ ಕಂಪನಿಗಳ ಒಕ್ಕೂಟ ಕೊಡುವ ವಿಶ್ವಪ್ರದಕ್ಷಿಣೆ ಟಿಕೆಟ್. ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್ ಎರಡರಲ್ಲೂ ಇದರ ಮೂಲ ಕಟ್ಟುಪಾಡು ಹೆಚ್ಚುಕಮ್ಮಿ ಒಂದೇ: ಹೆಚ್ಚೆಂದರೆ 16 ಹಾರಾಟ, ಒಂದು ವರ್ಷದ ಒಳಗೆ ಮುಗಿಸಬೇಕು, ಹೊರಟ ದೇಶಕ್ಕೇ ಮರಳಬೇಕು. ತಾರೀಖು ಬದಲಿಸುವುದು ಸುಲಭ, ಮಾರ್ಗ ಬದಲಿಸಿದರೆ ಇಡೀ ಟಿಕೆಟನ್ನು ಹೊಸದಾಗಿ ಬರೆಯಬೇಕಾಗುತ್ತದೆ, ಶುಲ್ಕವೂ ಬೀಳುತ್ತದೆ. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

ಕಾಗದಪತ್ರದ ಬಗ್ಗೆ ಇವರು ಅಸಡ್ಡೆ ಮಾಡಿದವರಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು. ಆರು ತಿಂಗಳ ನಿಯಮ ಇಬ್ಬರಿಗೂ ಗೊತ್ತಿತ್ತು. ಹೊರಡುವ ಮುನ್ನ ನಾಲ್ಕೂ ಪಾಸ್‌ಪೋರ್ಟು ತೆರೆದು ನೋಡಿದ್ದರು. ಏಪ್ರಿಲ್ 10ಕ್ಕೆ ಮಗನದಕ್ಕೆ ಎಂಟು ತಿಂಗಳು ಹನ್ನೆರಡು ದಿನ ಉಳಿದಿತ್ತು. ಆರಕ್ಕಿಂತ ಹೆಚ್ಚು, ಸರಿ ಎಂದು ಗುರುತು ಹಾಕಿಕೊಂಡರು. ತಪ್ಪಿದ್ದು ಇಲ್ಲೇ. ನಿಯಮವನ್ನು ಅಳೆಯಬೇಕಾದದ್ದು ಮನೆ ಬಿಡುವ ದಿನಕ್ಕಲ್ಲ, ಪ್ರತಿ ದೇಶದೊಳಗೆ ಕಾಲಿಡುವ ದಿನಕ್ಕೆ. ಹತ್ತು ದಿನದ ಪ್ರವಾಸದಲ್ಲಿ ಈ ಎರಡೂ ಒಂದೇ ಆಗಿರುವುದರಿಂದ ಯಾರಿಗೂ ಪೆಟ್ಟು ಬೀಳುವುದಿಲ್ಲ. ಹನ್ನೆರಡು ತಿಂಗಳ ಪ್ರಯಾಣಕ್ಕೆ ಹೊರಡುವ ದಿನ ಪಾಸ್‌ಪೋರ್ಟಿನಲ್ಲಿ ಕನಿಷ್ಠ ಹದಿನೆಂಟು ತಿಂಗಳು ಇರಬೇಕು, ಮೇಲೆ ಒಂದೆರಡು ತಿಂಗಳು ಇದ್ದರೆ ನೆಮ್ಮದಿ. ಅನೇಕ ದೇಶಗಳು ದೊಡ್ಡವರಿಗೆ ಹತ್ತು ವರ್ಷದ ಪಾಸ್‌ಪೋರ್ಟು ಕೊಟ್ಟು ಮಕ್ಕಳಿಗೆ ಐದೇ ವರ್ಷದ್ದು ಕೊಡುತ್ತವೆ. ಹಾಗಾಗಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಚಿಕ್ಕವರದ್ದೇ.

ಕೌಂಟರಿನಲ್ಲಿ ಕಳೆದ ನಲವತ್ತು ನಿಮಿಷ

ತಂದೆ ವಾದಕ್ಕೆ ನಿಂತರು. ಬಾಲಿಯಲ್ಲಿ ಇರುವುದೇ ನಾಲ್ಕು ವಾರ, ಅಷ್ಟಕ್ಕೆ ಡಿಸೆಂಬರ್ ತನಕದ ಪಾಸ್‌ಪೋರ್ಟು ಸಾಲದೇ? ತರ್ಕ ಸರಿಯಾಗಿಯೇ ಇದೆ, ಆದರೆ ಕೌಂಟರಿನಲ್ಲಿ ಕೂತವರ ಕೈಯಲ್ಲಿ ಏನೂ ಇಲ್ಲ. ವಿಮಾನ ಕಂಪನಿಗಳು ಪ್ರಯಾಣಿಕರ ಕಾಗದಗಳನ್ನು ದೇಶದೇಶಗಳ ಪ್ರವೇಶ ನಿಯಮಗಳಿರುವ ಟಿಮ್ಯಾಟಿಕ್ ಎಂಬ ದತ್ತಸಂಗ್ರಹದಲ್ಲಿ ತಾಳೆ ನೋಡುತ್ತವೆ. ಅರ್ಹತೆ ಇಲ್ಲದವರನ್ನು ಹತ್ತಿಸಿಕೊಂಡು ಹೋದರೆ ಕಂಪನಿಗೇ ದಂಡ, ವಾಪಸ್ ಕರೆತರುವ ಹೊಣೆಯೂ ಅದರದ್ದೇ. ಪರದೆ ಬೇಡ ಎಂದಮೇಲೆ ಮೇಲ್ವಿಚಾರಕರನ್ನು ಕರೆಸಿದರೂ ಉತ್ತರ ಬದಲಾಗುವುದಿಲ್ಲ.

ಆ ನಲವತ್ತು ನಿಮಿಷದಲ್ಲಿ ಇನ್ನೂ ದೊಡ್ಡ ನಷ್ಟ ಕೂದಲೆಳೆಯಲ್ಲಿ ತಪ್ಪಿತು. ವಿಶ್ವಪ್ರದಕ್ಷಿಣೆ ಟಿಕೆಟಿನಲ್ಲಿ ಒಂದು ಹಾರಾಟಕ್ಕೆ ಹೇಳದೆ ಕೇಳದೆ ಗೈರಾದರೆ ಅದು ನೋ-ಶೋ ಎಂದು ದಾಖಲಾಗಿ ಮುಂದಿನ ಹಾರಾಟಗಳೆಲ್ಲ ಸರಪಳಿಯಂತೆ ರದ್ದಾಗುತ್ತವೆ. ಅದನ್ನು ತಡೆಯಲು ಚೆಕ್‌ಇನ್ ಮುಚ್ಚುವ ಮೊದಲೇ ನಾಲ್ವರ ಹೆಸರನ್ನೂ ಈ ಹಾರಾಟದಿಂದ ತೆಗೆಸಿ, ತಾರೀಖನ್ನು ಮುಂದಕ್ಕೆ ಹಾಕಿಸಬೇಕು. ಅಂತರರಾಷ್ಟ್ರೀಯ ಹಾರಾಟಗಳ ಚೆಕ್‌ಇನ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲು ಮುಚ್ಚುತ್ತದೆ. ತಾಯಿ ಪಕ್ಕಕ್ಕೆ ಸರಿದು ಒಕ್ಕೂಟದ ಸಹಾಯವಾಣಿಗೆ ಫೋನ್ ಹಚ್ಚಿದಾಗ ಉಳಿದಿದ್ದು ಹನ್ನೊಂದು ನಿಮಿಷ. ತಾರೀಖನ್ನು ಸುಮ್ಮನೆ ಆಗಸ್ಟ್ ಕೊನೆಗೆ ಹಾಕಿಸಿದರು. ಯಾವ ದಿನ ಎಂಬುದು ಆಮೇಲಿನ ಮಾತು. ಟಿಕೆಟ್ ಉಳಿಯಿತು.

ಹತ್ತಿಸಿಕೊಳ್ಳುವುದಿಲ್ಲ ಎಂಬ ಮಾತು ಖಚಿತವಾದ ಕ್ಷಣ ಮಾಡಬೇಕಾದ ಮೊದಲ ಕೆಲಸ ಇದು. ಬೇಜಾರು, ವಾದ, ಯಾರದು ತಪ್ಪು ಎಂಬ ಚರ್ಚೆ ಎಲ್ಲ ಆಮೇಲೆ. ದಂಪತಿಯಲ್ಲಿ ಒಬ್ಬರು ಕೌಂಟರಿನಲ್ಲಿ, ಇನ್ನೊಬ್ಬರು ಫೋನಿನಲ್ಲಿ ಎಂದು ಮೊದಲೇ ಮಾತಾಡಿಕೊಂಡಿದ್ದರೆ ಒಳ್ಳೆಯದು.

ಎರಡನೆಯ ಗಡಿಯಾರ

ಅಂದು ರಾತ್ರಿ ಹೋಟೆಲಿನಲ್ಲಿ ಕೂತು ಲೆಕ್ಕ ಹಾಕಿದಾಗ ಇನ್ನೊಂದು ಸಂಗತಿ ಎದ್ದು ಕಂಡಿತು. ಷೆಂಗೆನ್ ವಲಯದಲ್ಲಿ ವೀಸಾ ಇಲ್ಲದೆ ಯಾವುದೇ 180 ದಿನಗಳಲ್ಲಿ ಇರಬಹುದಾದದ್ದು 90 ದಿನ. ಒಳಬಂದ ದಿನವೂ ಹೊರಹೋದ ದಿನವೂ ಲೆಕ್ಕಕ್ಕೆ ಸೇರುತ್ತವೆ. ದಂಪತಿ ಇದನ್ನು ಮೂರು ತಿಂಗಳು ಎಂದು ಮನಸ್ಸಿನಲ್ಲಿಟ್ಟುಕೊಂಡಿದ್ದರು: ಏಪ್ರಿಲ್ 10ರಿಂದ ಜುಲೈ 9. ಬೆರಳು ಮಡಿಚಿ ಎಣಿಸಿದರೆ ಏಪ್ರಿಲಿನಲ್ಲಿ 21, ಮೇ 31, ಜೂನ್ 30, ಜುಲೈ 9ರ ತನಕ 9. ಒಟ್ಟು 91. ತೊಂಬತ್ತನೆಯ ದಿನ ಜುಲೈ 8. ಕೌಂಟರಿನಿಂದ ಹಿಂದಿರುಗಿದ ದಿನ 87ನೆಯದು.

ಇದರ ಹಿಂದೆ ಇನ್ನೊಂದು ಹಳೆಯ ಮಾಹಿತಿಯ ತೊಡಕೂ ಇತ್ತು. ಕ್ರೊವೇಷಿಯಾದಲ್ಲಿ ಕಳೆದ ಹನ್ನೆರಡು ದಿನ ಷೆಂಗೆನ್ ಲೆಕ್ಕಕ್ಕೆ ಬರುವುದಿಲ್ಲ ಎಂದು ತಂದೆ ನಂಬಿದ್ದರು. ಕ್ರೊವೇಷಿಯಾ 2023ರ ಜನವರಿ 1ರಂದೇ ಷೆಂಗೆನ್ ಸೇರಿದೆ. ರೊಮೇನಿಯಾ, ಬಲ್ಗೇರಿಯಾಗಳ ಭೂಗಡಿಯೂ 2025ರ ಜನವರಿ 1ರಿಂದ ತೆರೆದುಕೊಂಡು ಈಗ ವಲಯದಲ್ಲಿ 29 ದೇಶಗಳಿವೆ. ನಾಲ್ಕೈದು ವರ್ಷ ಹಿಂದಿನ ಸಲಹೆ ಓದಿಕೊಂಡು ಈ ದೇಶಗಳನ್ನು ‘ದಿನ ಉಳಿಸುವ ಜಾಗ’ ಎಂದುಕೊಂಡರೆ ಲೆಕ್ಕ ಬುಡಮೇಲಾಗುತ್ತದೆ. ಸೀಲು ಮಸುಕಾಗಿದೆ ಎಂದು ನುಣುಚಿಕೊಳ್ಳುವ ಕಾಲವೂ ಹೋಯಿತು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ, ಪ್ರವೇಶ ನಿರ್ಗಮನ ದಾಖಲಿಸುವ ಇಇಎಸ್ ವ್ಯವಸ್ಥೆಯಲ್ಲಿ ಮುಖದ ಚಿತ್ರ, ಬೆರಳಚ್ಚು ಸಮೇತ ಕಂಪ್ಯೂಟರೇ ದಿನ ಎಣಿಸುತ್ತದೆ. ಹನ್ನೆರಡು ವರ್ಷದೊಳಗಿನ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ, ಆದರೆ ಅವರ ದಿನಗಳೂ ಲೆಕ್ಕದಲ್ಲಿರುತ್ತವೆ.

ಹೀಗಾಗಿ ಮಗನಿಗೆ ಹೊಸ ಪಾಸ್‌ಪೋರ್ಟು ಮಾಡಿಸಲು ವಾರಗಳು ಬೇಕು, ಅಲ್ಲೇ ಕೂತು ಕಾಯಲು ಮೂರೇ ದಿನ ಇದೆ ಎಂಬ ಪೇಚು.

ನಾಲ್ಕು ದಾರಿ, ಮೂರು ಬಿಟ್ಟದ್ದೇಕೆ

ಮೊದಲು ಹೊಳೆದದ್ದು ತುರ್ತು ಪ್ರಯಾಣ ಪತ್ರ. ರಾಯಭಾರ ಕಚೇರಿಗಳು ಇದನ್ನು ಒಂದೆರಡು ದಿನದಲ್ಲಿ ಕೊಡುವುದುಂಟು. ಆದರೆ ಬಹುಪಾಲು ಅದು ಸ್ವದೇಶಕ್ಕೆ ಮರಳಲೆಂದೇ ಇರುವ ಕಾಗದ. ಬೇರೆ ದೇಶಗಳಲ್ಲಿ ಅದಕ್ಕೆ ವೀಸಾ ವಿನಾಯಿತಿ ಸಿಗುವ ಖಾತ್ರಿಯಿಲ್ಲ. ಪ್ರಯಾಣ ಮುಂದುವರಿಸುವವರಿಗೆ ಅದು ದಾರಿಯಲ್ಲ.

ಎರಡನೆಯದು ಕುಟುಂಬ ಇಬ್ಭಾಗವಾಗಿ ತಂದೆ ಮಗಳು ಮುಂದೆ ಹೋಗುವುದು, ತಾಯಿ ಮಗ ಹಿಂದೆ ಉಳಿಯುವುದು. ಬಾಲಿಯಲ್ಲಿ ಮನೆಗೆ ಹಣ ಕಟ್ಟಿಯಾಗಿದ್ದರಿಂದ ಈ ಆಸೆ ಬಲವಾಗಿತ್ತು. ಒಬ್ಬ ಪೋಷಕರ ಜೊತೆ ಮಗು ಗಡಿ ದಾಟುವಾಗ ಇನ್ನೊಬ್ಬರ ಒಪ್ಪಿಗೆ ಪತ್ರ, ಅದೂ ನೋಟರಿ ಮಾಡಿಸಿದ್ದು, ಕೇಳುವುದುಂಟು. ಅದು ಇವರ ಬಳಿ ಇರಲಿಲ್ಲ. ಪಾಸ್‌ಪೋರ್ಟಿನ ಅರ್ಜಿಗೆ ಇಬ್ಬರ ಸಹಿಯೂ ಬೇಕಾಗಿದ್ದರಿಂದ ತಂದೆ ಹೋಗಿಬಿಟ್ಟರೆ ಅರ್ಜಿಯೇ ನಿಲ್ಲುತ್ತಿತ್ತು. ಸರಿಯಾಗಿಯೇ ಕೈಬಿಟ್ಟರು.

ಮೂರನೆಯದು ಗ್ರೀಸಿನಲ್ಲೇ ಅವಧಿ ಮೀರಿ ಉಳಿಯುವುದು. ಚಿಕ್ಕ ಮಗು ಇದೆ, ಕಾರಣ ಹೇಳಿದರೆ ಆದೀತು ಎಂಬ ಭಾವನೆ ತುಂಬ ಜನರಿಗಿದೆ. ಷೆಂಗೆನ್ ನಿಯಮದಲ್ಲಿ ವಾಸ್ತವ್ಯ ವಿಸ್ತರಣೆ ಇರುವುದು ನಿಜ, ಆದರೆ ಅದು ತಡೆಯಲಾಗದ ಅವಘಡ, ಮಾನವೀಯ ಕಾರಣ, ಗಂಭೀರ ವೈಯಕ್ತಿಕ ಕಾರಣಗಳಿಗೆ. ಪಾಸ್‌ಪೋರ್ಟಿನ ತಾರೀಖು ನೋಡದೇ ಹೋದದ್ದು ಆ ಸಾಲಿಗೆ ಸೇರದು. ಅವಧಿ ಮೀರಿದರೆ ದಂಡ, ಮರುಪ್ರವೇಶಕ್ಕೆ ನಿಷೇಧ, ಎರಡಕ್ಕೂ ಅವಕಾಶವಿದೆ.

ಏಷ್ಯಾದಲ್ಲೇ ಬೇರೆ ಊರಿಗೆ ಹೋಗೋಣವೆಂದರೆ ಸಿಂಗಪುರಕ್ಕೂ ಅದೇ ಆರು ತಿಂಗಳು. ಉಳಿದದ್ದು ಷೆಂಗೆನ್ ಹೊರಗಿನ ನೆರೆ ದೇಶ. ಅಲ್ಬೇನಿಯಾ ಕೇಳುವುದು ಮೂರು ತಿಂಗಳ ಆಯುಸ್ಸು. ಮಗನದಕ್ಕೆ ಐದು ತಿಂಗಳ ಮೇಲಿತ್ತು. ಟರ್ಕಿ ಕೇಳುವುದು ಬಂದ ದಿನದಿಂದ 150 ದಿನ; ಜುಲೈ 6ಕ್ಕೆ ಹೋದರೂ ಡಿಸೆಂಬರ್ 3ರ ತನಕ ಸಾಕು, ಅದೂ ಆಗುತ್ತಿತ್ತು. ಎರಡರಲ್ಲಿ ಯಾವುದು ಎಂಬುದನ್ನು ತೀರ್ಮಾನಿಸಿದ್ದು ಊರಿನ ಚೆಂದವಲ್ಲ, ರಾಯಭಾರ ಕಚೇರಿಯ ಸರದಿ. ಜುಲೈ 6ರ ಬೆಳಿಗ್ಗೆ ಎರಡೂ ಕಡೆ ಫೋನ್ ಮಾಡಿದರು. ಅಲ್ಬೇನಿಯಾದ ರಾಜಧಾನಿ ಟಿರಾನಾದಲ್ಲಿ 10ರಂದೇ ಸಮಯ ಸಿಕ್ಕಿತು, ಟರ್ಕಿಯ ಅಂಕಾರಾದಲ್ಲಿ 24ಕ್ಕೆ. ಫೋನಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಅಲ್ಲಿ ಮಕ್ಕಳ ಪಾಸ್‌ಪೋರ್ಟಿನ ಅರ್ಜಿ ಸ್ವೀಕರಿಸುತ್ತಾರೆಯೇ, ಇಲ್ಲ ಬರೀ ಸಹಾಯ ಕೇಂದ್ರವೇ? ಎಲ್ಲ ಕಚೇರಿಗಳಲ್ಲೂ ಆ ಕೆಲಸ ನಡೆಯುವುದಿಲ್ಲ.

ಅಥೆನ್ಸ್‌ನಿಂದ ಟಿರಾನಾಕ್ಕೆ ಕಾಕಾವಿಯಾ ಗಡಿಯ ಮೇಲೆ ಹೋಗುವ ರಾತ್ರಿ ಬಸ್ಸಿದೆ. ಇಲ್ಲೊಂದು ಸೂಕ್ಷ್ಮ. ಲೆಕ್ಕಕ್ಕೆ ಬರುವುದು ಬಸ್ ಹತ್ತಿದ ದಿನವಲ್ಲ, ಗಡಿಯಲ್ಲಿ ನಿರ್ಗಮನ ದಾಖಲಾದ ದಿನ. 6ರ ಸಂಜೆ ಹತ್ತಿದವರು ಗಡಿ ದಾಟಿದ್ದು 7ರ ನಸುಕಿನಲ್ಲಿ, 89ನೆಯ ದಿನ. ಅದೇ ಬಸ್ಸನ್ನು 8ರ ಸಂಜೆ ಹತ್ತಿದ್ದರೆ ಗಡಿ ಮುಟ್ಟುವಾಗ 9 ಆಗಿ 91ನೆಯ ದಿನವಾಗುತ್ತಿತ್ತು. ಕೊನೆಯ ದಿನದಂದು ರಾತ್ರಿ ಪ್ರಯಾಣ ಇಟ್ಟುಕೊಳ್ಳಬಾರದು.

ಟಿರಾನಾದ ಮೂವತ್ತೆರಡು ದಿನ

10ರಂದು ಅರ್ಜಿ ಒಪ್ಪಲಿಲ್ಲ. ಕಾರಣ ಎರಡು.

ಒಂದು, ಜನನ ಪ್ರಮಾಣಪತ್ರ. ಇವರ ಬಳಿ ಇದ್ದದ್ದು ಫೋನಿನಲ್ಲಿ ಸ್ಕ್ಯಾನ್, ಜೊತೆಗೆ ಬಣ್ಣದ ಪ್ರತಿ. ಬೇಕಾದದ್ದು ಮೂಲಪ್ರತಿ. ಅದು ಊರಿನಲ್ಲಿ ಬೀರುವಿನಲ್ಲಿತ್ತು. ಬಂಧುಗಳು ಹುಡುಕಿ ಕೊರಿಯರ್ ಮಾಡಿ ಕೈಸೇರುವಾಗ 17ನೇ ತಾರೀಖು. ಮೂಲಪ್ರತಿ ಕಳೆದೀತು ಎಂಬ ಭಯಕ್ಕೆ ಮನೆಯಲ್ಲಿ ಬಿಟ್ಟು ಬರುವವರೇ ಹೆಚ್ಚು. ಒಬ್ಬೊಬ್ಬ ಮಗುವಿಗೂ ಸರ್ಕಾರಿ ಮುದ್ರೆಯ ಎರಡನೆಯ ಮೂಲಪ್ರತಿ ಮಾಡಿಸಿ ಒಂದನ್ನು ಜೊತೆಗೆ ಒಯ್ಯುವುದೇ ಇದಕ್ಕೆ ಸರಿಯಾದ ಪರಿಹಾರ. ತಾಯಿಯ ಅಡ್ಡಹೆಸರು ಮಕ್ಕಳದಕ್ಕಿಂತ ಬೇರೆ ಇದ್ದರಂತೂ ಗಡಿಗಳಲ್ಲೂ ಅದು ಬೇಕಾಗುತ್ತದೆ.

ಎರಡು, ಫೋಟೊ. ಅಂತರರಾಷ್ಟ್ರೀಯ ಅಳತೆ 35 × 45 ಮಿಲಿಮೀಟರ್, ಅದರ ಎತ್ತರದಲ್ಲಿ ಮುಖ 70ರಿಂದ 80 ಶೇಕಡಾ ತುಂಬಿರಬೇಕು. ಮಗ ಬಾಯಿ ತೆರೆದಿದ್ದ, ಹಿಂದಿನ ಗೋಡೆಯ ಮೇಲೆ ಕಿವಿಯ ನೆರಳು ಬಿದ್ದಿತ್ತು. ಐದು ವರ್ಷದ ಮಗುವನ್ನು ಗೋಡೆಗೆ ಆನಿಸಿ ನಿಲ್ಲಿಸಿದರೆ ನೆರಳು ಖಂಡಿತ. ಗೋಡೆಯಿಂದ ಒಂದು ಮೀಟರ್ ಮುಂದೆ, ಕಿಟಕಿಗೆ ಎದುರಾಗಿ ಕೂರಿಸಿ, ಕ್ಯಾಮೆರಾವನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಸಿ ತೆಗೆದಾಗ ಮೂರನೆಯ ಪ್ರಯತ್ನಕ್ಕೆ ಸರಿಬಂತು.

ಹೊಸ ಪಾಸ್‌ಪೋರ್ಟು ಆಗಸ್ಟ್ 5ಕ್ಕೆ ಬಂತು. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಪಾಸ್‌ಪೋರ್ಟಿನ ಜೊತೆ ಅದರ ಸಂಖ್ಯೆಯೂ ಬದಲಾಗುತ್ತದೆ, ಆ ಸಂಖ್ಯೆಯನ್ನು ನಂಬಿಕೊಂಡ ಕಾಗದಗಳೆಲ್ಲ ಒಂದೊಂದಾಗಿ ಸತ್ತುಹೋಗುತ್ತವೆ. ಮಗನಿಗೆ ಮೊದಲೇ ಪಡೆದಿದ್ದ ನ್ಯೂಜಿಲೆಂಡಿನ ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ ಹಳೆಯ ಸಂಖ್ಯೆಗೆ ಜೋಡಿಸಿದ್ದು. ದಕ್ಷಿಣ ಅಮೆರಿಕಕ್ಕೆ ಹೋಗುವಾಗ ಅಮೆರಿಕದಲ್ಲಿ ವಿಮಾನ ಬದಲಿಸುವುದಿತ್ತು. ಅಲ್ಲಿ ನಿಲ್ದಾಣದಿಂದ ಹೊರಗೆ ಹೋಗದಿದ್ದರೂ ವೀಸಾ ಅಥವಾ ಎಸ್ಟಾ ಎಂಬ ಆನ್‌ಲೈನ್ ಪ್ರಯಾಣ ಅನುಮತಿ ಬೇಕೇ ಬೇಕು, ಎಸ್ಟಾ ಕೂಡ ಪಾಸ್‌ಪೋರ್ಟ್ ಸಂಖ್ಯೆಗೇ ಕಟ್ಟಿದ್ದು. ಎರಡನ್ನೂ ಹೊಸದಾಗಿ ಹಾಕಬೇಕಾಯಿತು. ವಿಮಾನ ಟಿಕೆಟ್ ನಿಂತಿರುವುದು ಹೆಸರಿನ ಮೇಲೆ, ಹಾಗಾಗಿ ಅದಕ್ಕೆ ತೊಂದರೆಯಿಲ್ಲ, ಆದರೆ ಬುಕಿಂಗಿನೊಳಗೆ ತುಂಬಿದ ಪಾಸ್‌ಪೋರ್ಟ್ ವಿವರ ತಿದ್ದಬೇಕು. ವಿಮೆಯ ಪಾಲಿಸಿಯಲ್ಲಿ ಸಂಖ್ಯೆ ಇದ್ದರೆ ಅಲ್ಲೂ ತಿದ್ದುಪಡಿ.

ಹಳೆಯ ಪಾಸ್‌ಪೋರ್ಟನ್ನು ರದ್ದು ಮಾಡಿ ವಾಪಸ್ ಕೊಡಿ ಎಂದು ಅರ್ಜಿ ಹಾಕುವಾಗಲೇ ಕೇಳಬೇಕು. ಹಳದಿ ಜ್ವರದ ಲಸಿಕೆ ಕಾರ್ಡಿನ ಮೇಲೆ ಹಳೆಯ ಸಂಖ್ಯೆ ಬರೆದಿರಬಹುದು. ಅದಕ್ಕಿಂತ ಹತ್ತಿರದ ಅಗತ್ಯ ಟಿರಾನಾ ವಿಮಾನ ನಿಲ್ದಾಣದಲ್ಲೇ ಎದುರಾಯಿತು: ಹುಡುಗ ಅಲ್ಬೇನಿಯಾದೊಳಗೆ ಬಂದದ್ದು ಹಳೆಯ ಪುಸ್ತಕದಲ್ಲಿ, ಹೊರಡುತ್ತಿರುವುದು ಹೊಸದರಲ್ಲಿ. ಹೊಸದರಲ್ಲಿ ಪ್ರವೇಶದ ಗುರುತೇ ಇಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟದ್ದರಿಂದ ಅಧಿಕಾರಿ ಒಂದು ನಿಮಿಷ ತಿರುವಿ ನೋಡಿ ಬಿಟ್ಟರು.

ಟಿರಾನಾದಿಂದ ಹೊರಡುವ ಮಾರ್ಗದಲ್ಲೂ ಎಚ್ಚರ ಬೇಕಿತ್ತು. ಷೆಂಗೆನ್ ಬಿಟ್ಟು ಹೊರಬಂದ ತಕ್ಷಣ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ. ಏಪ್ರಿಲ್ 10 ಎಂಬ ದಿನ 180 ದಿನಗಳ ಕಿಟಕಿಯಿಂದ ಹೊರಬೀಳುವುದು ಅಕ್ಟೋಬರ್ 7ಕ್ಕೆ. ಅಲ್ಲಿಯ ತನಕ ಇವರ ಖಾತೆಯಲ್ಲಿ ಇದ್ದದ್ದು ಒಂದೇ ದಿನ. ಷೆಂಗೆನ್ ನಿಲ್ದಾಣದಲ್ಲಿ ಒಂದೇ ಟಿಕೆಟಿನ ಮೇಲೆ ವಿಮಾನ ಬದಲಿಸಿದರೆ ಗಡಿ ದಾಟಿದಂತಾಗುವುದಿಲ್ಲ. ಬೇರೆ ಬೇರೆ ಟಿಕೆಟ್ ಇದ್ದು ಲಗೇಜು ತೆಗೆದುಕೊಳ್ಳಲು ಹೊರಬರಬೇಕಾದರೆ ಆ ಒಂದು ದಿನವೂ ಹೋಗುತ್ತದೆ, ನಡುರಾತ್ರಿ ದಾಟಿದರೆ ಎರಡು. ಇಸ್ತಾಂಬುಲ್ ಮೇಲೆ ಹೋಗಿ ಈ ಗೋಜನ್ನೇ ತಪ್ಪಿಸಿದರು.

ಖರ್ಚಿನ ಲೆಕ್ಕ ಬೇಕಾದವರಿಗೆ: ಕುಟುಂಬದ ಒಂದು ತಿಂಗಳ ಖರ್ಚು 100 ಎಂದಿಟ್ಟುಕೊಂಡರೆ, ಬಾಲಿಯಲ್ಲಿ ಮರಳಿ ಬಾರದ ಮನೆ ಬಾಡಿಗೆ 26, ಮಾರ್ಗ ಬದಲಾವಣೆ 22, ಆತುರದ ಹೋಟೆಲು ಮತ್ತು ಬಸ್ಸು 14, ಪಾಸ್‌ಪೋರ್ಟು ಶುಲ್ಕ, ಕೊರಿಯರ್, ಹೊಸ ಅನುಮತಿಗಳು 9. ಒಟ್ಟು 71. ವಿಮೆಯಿಂದ ಬಂದದ್ದು ಸೊನ್ನೆ. ಕಾಗದಪತ್ರ ಸರಿಯಿಲ್ಲದೆ ತಪ್ಪಿದ ಪ್ರಯಾಣವನ್ನು ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಈ 71ರಲ್ಲಿ ಅತಿ ದೊಡ್ಡ ಪಾಲು 28 ರಾತ್ರಿಗೆ ಒಮ್ಮೆಗೇ ಹಣ ಕಟ್ಟಿದ್ದರದು. ಹೊಸ ದೇಶದಲ್ಲಿ ಮೊದಲ ಮೂರು ನಾಲ್ಕು ರಾತ್ರಿ ಮಾತ್ರ ಗಟ್ಟಿಮಾಡಿಕೊಂಡು, ತಿಂಗಳ ಮನೆಯನ್ನು ಹೋಗಿ ನೋಡಿ ಹಿಡಿದಿದ್ದರೆ ಅದು ಉಳಿಯುತ್ತಿತ್ತು.

ನಿಜವಾದ ಕಾರಣ

ತಾರೀಖು ನೋಡಲಿಲ್ಲ ಎಂದು ಬರೆದು ಪ್ರಕರಣ ಮುಚ್ಚಬಹುದು. ನಮ್ಮ ಅಭಿಪ್ರಾಯದಲ್ಲಿ ಅದು ಅರ್ಧ ಉತ್ತರ. ನಿಯಮ ಗೊತ್ತಿದ್ದ ಇಬ್ಬರು, ಲೆಕ್ಕದಲ್ಲಿ ಜಾಣರು, 87 ದಿನದಲ್ಲಿ ಒಮ್ಮೆಯೂ ಆ ಪುಟ ತೆರೆಯಲಿಲ್ಲ ಏಕೆ?

ಆ 87 ದಿನಗಳಲ್ಲಿ ಅವರು 14 ಊರುಗಳಲ್ಲಿ ತಂಗಿದ್ದರು. ಸರಾಸರಿ ಆರು ದಿನಕ್ಕೊಂದು ಊರು. ಕಾಗದದ ಮೇಲೆ ಆರು ದಿನ ಕಮ್ಮಿಯೆನಿಸುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಒಂದು ಸ್ಥಳಾಂತರಕ್ಕೆ ಏನೆಲ್ಲ ಹಿಡಿಯುತ್ತದೆ ನೋಡಿ: ಹಿಂದಿನ ಸಂಜೆ ಬಟ್ಟೆ ಒಣಗಿಸಿ ಚೀಲ ಕಟ್ಟುವುದು, ಬಾಗಿಲಿನಿಂದ ಬಾಗಿಲಿಗೆ ಐದಾರು ಗಂಟೆ, ಹೊಸ ಊರಿನಲ್ಲಿ ದಿನಸಿ ಅಂಗಡಿ ಹುಡುಕುವುದು, ಒಲೆ ಹೊತ್ತಿಸುವ ಬಗೆ ಕಲಿಯುವುದು, ಹೊಸ ಕೋಣೆಯಲ್ಲಿ ನಿದ್ದೆ ಬಾರದ ಚಿಕ್ಕವನನ್ನು ಮಲಗಿಸುವುದು. ಒಂದಕ್ಕೆ ಒಂದೂವರೆ ದಿನ. ಹದಿಮೂರು ಸ್ಥಳಾಂತರಕ್ಕೆ ಇಪ್ಪತ್ತು ದಿನ. ಮಕ್ಕಳು ಮಲಗಿದ ಮೇಲೆ ಸಿಗುವ ಒಂದು ಗಂಟೆಯೆಲ್ಲ ಮುಂದಿನ ಊರಿನ ಮನೆ, ಮುಂದಿನ ರೈಲು ಹುಡುಕುವುದಕ್ಕೇ ಹೋಗುತ್ತಿತ್ತು. ಐದು ತಿಂಗಳಾಚೆಯ ತಾರೀಖಿನ ಮೇಲೆ ಕಣ್ಣಾಡಿಸಲು ತಲೆಯಲ್ಲಿ ಜಾಗವೇ ಇರಲಿಲ್ಲ. ಮಗಳ ಪಾಠವೂ ಹೀಗೆಯೇ ಸೊರಗಿತ್ತು. ಓದು, ಇತಿಹಾಸ, ಭೂಗೋಳ ದಾರಿಯಲ್ಲೇ ಸಿಗುತ್ತವೆ. ಗಣಿತ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕಾದದ್ದು. ಭಿನ್ನರಾಶಿಯ ಭಾಗಾಕಾರದಲ್ಲಿ ಅವಳು ಏಪ್ರಿಲಿನಲ್ಲಿ ಎಲ್ಲಿದ್ದಳೋ ಜುಲೈನಲ್ಲೂ ಅಲ್ಲೇ ಇದ್ದಳು. ಟಿರಾನಾದಲ್ಲಿ ದಿನಕ್ಕೆ ಬೆಳಗಿನ ಮುಕ್ಕಾಲು ಗಂಟೆ ಕೂತಾಗ ಮೂರು ವಾರದಲ್ಲಿ ಆ ಅಧ್ಯಾಯ ಮುಗಿಯಿತು.

ದಣಿದ ತಲೆ ಅಂಕಿಯನ್ನು ಓದುವುದಿಲ್ಲ, ಗುರುತಿನ ಆಕಾರವನ್ನಷ್ಟೇ ಓದುತ್ತದೆ. ಇದಕ್ಕೆ ಇನ್ನೊಂದು ಸಾಕ್ಷಿ ಟಿರಾನಾಕ್ಕೆ ಬಂದ ಮೂರನೆಯ ರಾತ್ರಿ ಸಿಕ್ಕಿತು. ಮಗನಿಗೆ ಜ್ವರ. ಚೀಲದಲ್ಲಿದ್ದ ಪ್ಯಾರಾಸಿಟಮಾಲ್ ಸಿರಪ್ ಮುಗಿದು ಹೊಸ ಬಾಟಲಿ ತಂದಿದ್ದರು. ಹಳೆಯದು 5 ಮಿಲಿಲೀಟರಿಗೆ 120 ಮಿಲಿಗ್ರಾಂ, ಹೊಸದು 5 ಮಿಲಿಲೀಟರಿಗೆ 250. ಹುಡುಗನ ತೂಕ 18 ಕೆಜಿ. ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಒಂದು ಸಲಕ್ಕೆ 270 ಮಿಲಿಗ್ರಾಂ: ಹಳೆಯ ಬಾಟಲಿಯಲ್ಲಿ ಸುಮಾರು 11 ಮಿಲಿಲೀಟರ್, ಹೊಸದರಲ್ಲಿ ಐದೂ ಚಿಲ್ಲರೆ. ತಂದೆ ರೂಢಿಯಂತೆ ಪಿಚಕಾರಿಗೆ 11 ಎಳೆದರು, ಅಂದರೆ ಎರಡರಷ್ಟು. ಬಾಟಲಿಯ ಬಣ್ಣ ಬೇರೆಯೆಂದು ಮಗಳು ಕೇಳಿದ್ದರಿಂದ ತಡೆಯಿತು. ಮಕ್ಕಳ ಸಿರಪ್ಪಿನ ಪ್ರಮಾಣ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕ, ಜಪಾನಿನಲ್ಲಿ ಹೆಸರೂ ಬೇರೆ, ಅಸಿಟಮಿನೊಫೆನ್. ಮಿಲಿಲೀಟರನ್ನು ನೆನಪಿಟ್ಟುಕೊಳ್ಳಬಾರದು, ಮಗುವಿನ ತೂಕ ಮತ್ತು ಮಿಲಿಗ್ರಾಂ ನೆನಪಿಡಬೇಕು. ಬಾಟಲಿ ತೆರೆದ ದಿನವೇ ಅದರ ಮೇಲೆ ಮಗುವಿನ ಹೆಸರು, ಎಷ್ಟು ಮಿಲಿಲೀಟರ್ ಎಂದು ಟೇಪ್ ಅಂಟಿಸಿ ಬರೆಯಬೇಕು. ಔಷಧಾಲಯದವರ ಎದುರಿನಲ್ಲೇ ಲೆಕ್ಕ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು.

ಒಂದು ಹಾಳೆ, ತಿಂಗಳ ಒಂದನೇ ತಾರೀಖು

ಟಿರಾನಾದಲ್ಲಿ ಕೂತು ಅವರು ಮಾಡಿದ ಅತ್ಯುತ್ತಮ ಕೆಲಸ ಒಂದು ಸ್ಪ್ರೆಡ್‌ಶೀಟು. ಒಬ್ಬೊಬ್ಬರಿಗೂ ಒಂದೊಂದು ಸಾಲು, ಒಂದೊಂದು ಕಾಗದಕ್ಕೂ ಒಂದೊಂದು ಕಂಬ (ಕಾಲಮ್ಮು). ಮುಖ್ಯ ಸಂಗತಿಯೆಂದರೆ ಅದರಲ್ಲಿ ಅವಧಿ ಮುಗಿಯುವ ತಾರೀಖನ್ನು ಬರೆಯುವುದಿಲ್ಲ. ಕೆಲಸಕ್ಕೆ ಬಾರದಂತಾಗುವ ತಾರೀಖನ್ನು ಬರೆಯುತ್ತಾರೆ. ಪಾಸ್‌ಪೋರ್ಟಿಗೆ ಆರು ತಿಂಗಳು ಹಿಂದೆ: ಮಗನ ಹಳೆಯದಕ್ಕೆ ಜೂನ್ 22 ಎಂದು ಆ ಚೌಕದಲ್ಲಿ ಬಿದ್ದಿರುತ್ತಿತ್ತು. ಜುಲೈ 5ರ ಟಿಕೆಟ್ ಮಾಡುವಾಗ ಅದು ಕಣ್ಣಿಗೆ ಚುಚ್ಚುತ್ತಿತ್ತು. ಪಕ್ಕದಲ್ಲೇ ಖಾಲಿ ಪುಟಗಳ ಸಂಖ್ಯೆ. ಎರಡಕ್ಕಿಂತ ಕಮ್ಮಿಯಾದರೆ ತಾರೀಖು ಇದ್ದೂ ಪುಸ್ತಕ ಮುಗಿದಂತೆಯೇ.

ಷೆಂಗೆನ್ನಿಗೆ 85ನೆಯ ದಿನ ಯಾವುದು ಎಂದು ಬರೆಯುತ್ತಾರೆ, 90 ಅಲ್ಲ. ವಿಮೆಗೆ ಎರಡು ತಾರೀಖು: ಪಾಲಿಸಿ ಮುಗಿಯುವುದು, ಮತ್ತು ಒಂದೇ ಪ್ರಯಾಣಕ್ಕೆ ಗರಿಷ್ಠ ಎಷ್ಟು ದಿನ ಎಂಬುದು. ವಾರ್ಷಿಕ ಪಾಲಿಸಿ ಎಂದರೆ ವರ್ಷವಿಡೀ ರಕ್ಷಣೆ ಎಂದುಕೊಳ್ಳುವವರು ಬಹಳ. ಅವುಗಳಲ್ಲಿ ಅನೇಕವು ಒಂದೊಂದು ಪ್ರಯಾಣವನ್ನು 30, 60 ಅಥವಾ 90 ದಿನಕ್ಕೆ ಕಟ್ಟಿಹಾಕಿರುತ್ತವೆ. ಮನೆಗೆ ಮರಳದೆ ತಿರುಗುವವರಿಗೆ ಬೇಕಾದದ್ದು ದೀರ್ಘ ಪ್ರಯಾಣದ ಪಾಲಿಸಿ. ಹಳದಿ ಜ್ವರದ ಪ್ರಮಾಣಪತ್ರಕ್ಕೆ ಚುಚ್ಚುಮದ್ದಿನ ದಿನವಲ್ಲ, ಅದರ ಹತ್ತನೆಯ ದಿನ. ಅಲ್ಲಿಂದಲೇ ಅದು ಊರ್ಜಿತ. 2016ರ ಜುಲೈ 11ರಿಂದ ಅದು ಜೀವನಪರ್ಯಂತ ನಡೆಯುತ್ತದೆ, ಹತ್ತು ವರ್ಷಕ್ಕೆ ಮುಗಿಯುವುದಿಲ್ಲ. ವಿಶ್ವಪ್ರದಕ್ಷಿಣೆ ಟಿಕೆಟಿನ ಕೊನೆಯ ದಿನ, 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಮಾದರಿಯಲ್ಲಿ ಒಂದೇ ವರ್ಷ ನಡೆಯುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಬ್ಯಾಂಕ್ ಕಾರ್ಡು, ಒಟಿಪಿ ಬರುವ ಊರಿನ ಸಿಮ್ ರೀಚಾರ್ಜ್ ಎಲ್ಲಕ್ಕೂ ಒಂದೊಂದು ಕಂಬ.

ಮಕ್ಕಳ ಹುಟ್ಟುಹಬ್ಬವೂ ಈ ಹಾಳೆಗೆ ಸೇರಬೇಕು. ಎರಡು ತುಂಬಿದ ಮಗುವಿಗೆ ಮಡಿಲು ಸಾಲದು, ಅಂದಿನಿಂದಲೇ ಸ್ವಂತ ಸೀಟು ಕೊಳ್ಳಬೇಕು, ಹೋಗುವಾಗ ಮಡಿಲಲ್ಲಿ ಕೂತಿದ್ದರೂ ಸರಿ. ಹನ್ನೆರಡು ತುಂಬಿದರೆ ಆಮೇಲೆ ಕೊಳ್ಳುವ ಟಿಕೆಟುಗಳು ದೊಡ್ಡವರ ದರಕ್ಕೆ. ಮಗಳಿಗೆ ನವೆಂಬರಿನಲ್ಲಿ ಹನ್ನೆರಡು. ಇನ್ನೊಮ್ಮೆ ಯೂರೋಪಿಗೆ ಹೋದರೆ ಅವಳ ಬೆರಳಚ್ಚನ್ನೂ ತೆಗೆಯುತ್ತಾರೆ.

ಹಾಳೆ ಮಾಡಿದರೆ ಸಾಲದು, ನೋಡುವ ದಿನ ಗೊತ್ತಿರಬೇಕು. ಪ್ರತಿ ತಿಂಗಳ ಒಂದನೇ ತಾರೀಖು, ಹದಿನೈದು ನಿಮಿಷ, ಇಬ್ಬರೂ ಒಟ್ಟಿಗೆ. ಒಬ್ಬರು ಅಸಲಿ ಪುಸ್ತಕ ತೆರೆದು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಹಾಳೆಯಲ್ಲಿ ತಾಳೆ ನೋಡುವುದು. ಒಬ್ಬರೇ ನೋಡಿದರೆ ತಾವೇ ಬರೆದ ತಪ್ಪನ್ನು ತಾವೇ ಸರಿಯೆಂದು ಓದಿಕೊಳ್ಳುತ್ತಾರೆ.

ಮತ್ತೆ ಹೊರಟದ್ದು

ಆಗಸ್ಟ್ 8ರಿಂದ ಏಪ್ರಿಲ್ 9ರ ತನಕ ಉಳಿದದ್ದು 245 ದಿನ. ಹಳೆಯ ಪಟ್ಟಿಯಲ್ಲಿ ಇನ್ನೂ 27 ತಂಗುದಾಣ ಬಾಕಿಯಿತ್ತು. ಅದನ್ನು 11ಕ್ಕೆ ಇಳಿಸಿದರು, ಒಂದೊಂದಕ್ಕೆ ಸರಾಸರಿ 22 ದಿನ. ತಿಂಗಳ ಬಾಡಿಗೆಯ ದರ ಸಿಗುವುದರಿಂದ ವಸತಿ ಖರ್ಚೂ ಇಳಿಯಿತು. ಬಿಟ್ಟದ್ದರಲ್ಲಿ ಪೆರುವಿನ ಲಿಮಾದಿಂದ ನೇರ ಬೊಲಿವಿಯಾದ ಲಾ ಪಾಜ್‌ಗೆ ಹೋಗುವ ಹಾರಾಟವೂ ಒಂದು. ಲಿಮಾ ಸಮುದ್ರದ ಮಗ್ಗುಲಲ್ಲಿದೆ, ಲಾ ಪಾಜ್‌ಗೆ ಇಳಿಯುವ ಎಲ್ ಆಲ್ಟೊ ನಿಲ್ದಾಣ 4,000 ಮೀಟರಿಗಿಂತ ಮೇಲೆ. ತಲೆನೋವನ್ನು ಸರಿಯಾಗಿ ಹೇಳಲು ಬಾರದ ಚಿಕ್ಕ ಮಕ್ಕಳನ್ನು ಒಂದೇ ಜಿಗಿತಕ್ಕೆ ಅಷ್ಟು ಎತ್ತರಕ್ಕೆ ಒಯ್ಯುವುದು ಸರಿಯಲ್ಲ. ಬದಲಿಗೆ ಪೆರುವಿನಲ್ಲೇ 2,300 ಮೀಟರಿನ ಅರೆಕಿಪಾದಲ್ಲಿ ಮೊದಲ ಮೂರು ವಾರ, ಆಮೇಲೆ ಕುಸ್ಕೊ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎಂಬ ಕಟ್ಟಳೆ ಇಂಥ ನಿಧಾನದ ಪ್ರಯಾಣದಲ್ಲೇ ಪಾಲಿಸಲು ಸಾಧ್ಯ.

ಹಾಳೆಯ ಮೊದಲ ತಪಾಸಣೆ ಸೆಪ್ಟೆಂಬರ್ 1ಕ್ಕೆ ಬಾಲಿಯಲ್ಲಿ ನಡೆಯಿತು. ಪಾಸ್‌ಪೋರ್ಟುಗಳೆಲ್ಲ ಸರಿಯಿದ್ದವು. ತಂದೆಯ ಬ್ಯಾಂಕ್ ಕಾರ್ಡು, ಮನೆ ಬಾಡಿಗೆಗಳೆಲ್ಲ ಯಾವುದರಿಂದ ಹೋಗುತ್ತಿದ್ದವೋ ಅದೇ, ನವೆಂಬರ್ ಕೊನೆಗೆ ಮುಗಿಯುವುದಿತ್ತು. ನವೆಂಬರಿನಲ್ಲಿ ಅವರು ನ್ಯೂಜಿಲೆಂಡಿನಲ್ಲಿ ಒಂದೇ ವಿಳಾಸದಲ್ಲಿ 24 ದಿನ ಇರುವವರಿದ್ದರು. ಹೊಸ ಕಾರ್ಡನ್ನು ಅಕ್ಟೋಬರಿನಲ್ಲೇ ಊರಿನ ಬಂಧುಗಳ ಮನೆಗೆ ತರಿಸಿ, ಅಲ್ಲಿಂದ ಆ ವಿಳಾಸಕ್ಕೆ ಕೊರಿಯರ್ ಮಾಡಿಸುವುದೆಂದು ಹಾಳೆಯ ಕೊನೆಯ ಕಂಬದಲ್ಲಿ ಬರೆದುಕೊಂಡರು.